ಕುಡಿತ ಬಿಡುವವರಿಗೆ ಆಸರೆ ಬೇಕು



ಹಸುವಿನ ಮೇವನ್ನು ಒಮ್ಮೆಲೇ ಬದಲಾಯಿಸಿದರೆ ಮೆಲುಕು ನಿಂತು ಹೊಟ್ಟೆ ಕೆಡುತ್ತದೆಂಬುದು ನಿಮಗೆ ಗೊತ್ತು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರ ಮೆದುಳೂ ಹಾಗೆಯೇ ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಕುಡಿತ ಬಿಡಲೇಬೇಕು, ಆದರೆ ವೈದ್ಯರ ಸಲಹೆಯಿಲ್ಲದೆ ದಿಢೀರನೆ ನಿಲ್ಲಿಸಬಾರದು.

ಕೊನೆಯ ಸಲ ಕುಡಿದ 6ರಿಂದ 24 ಗಂಟೆಗಳೊಳಗೆ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ, ನಿದ್ರೆ ಬರುವುದಿಲ್ಲ. ಮೊದಲ 2 ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. 2ರಿಂದ 4ನೇ ದಿನದೊಳಗೆ ಕೆಲವರು ಇಲ್ಲದ್ದನ್ನು ಕಂಡಂತೆ ಬಡಬಡಿಸುತ್ತಾರೆ, ಮನೆಯವರ ಗುರುತೂ ಸಿಗುವುದಿಲ್ಲ. ಇದು ಗಾಳಿ ಸೋಕಿದ್ದಲ್ಲ, ಪ್ರಾಣಾಪಾಯದ ಸ್ಥಿತಿ. ಕೂಡಲೇ 108 ಆಂಬುಲೆನ್ಸ್ ಕರೆಸಿರಿ.

ಬಿಡುವ ಮೊದಲೇ ವೈದ್ಯರನ್ನು ಕಾಣಿರಿ. ದಿನಕ್ಕೆಷ್ಟು ಕುಡಿಯುತ್ತೀರಿ, ಹಿಂದೆ ಬಿಟ್ಟಾಗ ಏನಾಯಿತು ಎಂಬುದನ್ನು ಮುಚ್ಚಿಡಬೇಡಿರಿ. ನಡುಕ, ಫಿಟ್ಸ್ ತಡೆಯಲು ಔಷಧಿಗಳಿವೆ. ಬಿ1 ಜೀವಸತ್ವವನ್ನೂ ಕೊಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ವಿಚಾರಿಸಿರಿ. ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮನೆಯವರಿಗೊಂದು ಮಾತು. ಕುಡಿತ ಬಿಡಿಸುವ ಔಷಧಿಯನ್ನು ಗೊತ್ತಾಗದಂತೆ ಊಟದಲ್ಲಿ ಬೆರೆಸಬೇಡಿರಿ. ಅದರ ಮೇಲೆ ಕುಡಿದರೆ ಜೀವಕ್ಕೇ ಸಂಚಕಾರ. ಹಂಗಿಸದೆ ಒಬ್ಬರು ಸದಾ ಜೊತೆಯಲ್ಲಿರಿ. ಆ 4-5 ದಿನ ಹಾಲು ಕರೆದು ಡೈರಿಗೆ ಹಾಕುವ ಕೆಲಸವನ್ನು ನೆರೆಯವರು ವಹಿಸಿಕೊಂಡರೆ ಅದೂ ದೊಡ್ಡ ಉಪಕಾರ.

ಕರು ಹಾಕಿದ ಹಸು ನೆಲ ಹಿಡಿದರೆ ನಡುರಾತ್ರಿಯಲ್ಲೂ ನಮ್ಮನ್ನು ಕರೆಸುತ್ತೀರಿ. ಮನೆಯ ಯಜಮಾನನ ವಿಷಯದಲ್ಲಿ ಮಾತ್ರ ನಾಚಿಕೆಪಟ್ಟು ತಡಮಾಡಬೇಡಿರಿ.

– ಪಶುವೈದ್ಯಾಧಿಕಾರಿ, ವಿಸ್ತರಣಾ ವಿಭಾಗ