ಹಳೆಯ ಕಾರಿನ ಸನ್‌ರೂಫ್ ಕೈಕೊಟ್ಟಾಗ

ಗೋವಾದ ವಾಸ್ಕೋ ಪಕ್ಕದ ಸಡಾ ಗುಡ್ಡದ ಮೇಲೆ ಕಾರು ನಿಲ್ಲಿಸುವವರಿಗೆ ಕಡಲಿನ ಉಪ್ಪುಗಾಳಿಯೂ ಮಾರ್ಮಗೋವಾ ಬಂದರಿನ ಕಲ್ಲಿದ್ದಲ ಧೂಳೂ ಹೊಸದಲ್ಲ. ಬಾನೆಟ್ ಮೇಲಿನ ಕರಿಯನ್ನು ದಿನವೂ ಒರೆಸುತ್ತೇವೆ. ಅದೇ ಕರಿ ಸನ್‌ರೂಫಿನ ಹಳಿಗಳಲ್ಲಿ ಕೂರುವುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಗಾಜು ಅರ್ಧಕ್ಕೆ ನಿಂತರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ‘ಮೋಟರ್ ಹೋಗಿದೆ’. ಅದನ್ನು ನಂಬಿ ದುಡ್ಡು ಸುರಿಯುವ ಮೊದಲು ಈ ಕೆಲಸಗಳನ್ನು ಮಾಡಿ ನೋಡಿ.

ಹಂತ 1: ಮಳೆ ಬರುವಂತಿದ್ದರೆ ಮೊದಲು ಗಾಜು ಮುಚ್ಚಿ. ಬಹಳಷ್ಟು ಹಳೆಯ ಕಾರುಗಳಲ್ಲಿ ಮುಂದಿನ ಒಳದೀಪದ ಹಿಂದೆ ಮೋಟರಿನ ತುದಿ ಸಿಗುತ್ತದೆ. ಅದಕ್ಕೆ ಅಲೆನ್ ಕೀ ಹಾಕಿ ನಿಧಾನವಾಗಿ ತಿರುಗಿಸಿದರೆ ಗಾಜು ಸರಿಯುತ್ತದೆ. ಬಿಗಿಯೆನಿಸಿದರೆ ಬಲ ಹಾಕಬೇಡಿ.

ಹಂತ 2: ಫ್ಯೂಸ್ ನೋಡಿ. ಯಾವುದೆಂದು ಕಾರಿನ ಕೈಪಿಡಿಯಲ್ಲಿದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ, ಹೆಚ್ಚಿನದು ಖಂಡಿತ ಬೇಡ, ವೈರಿಂಗ್ ಸುಡುತ್ತದೆ. ಹೊಸದೂ ಕೂಡಲೇ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ ಅಥವಾ ಗಾಜು ಸಿಕ್ಕಿಕೊಂಡಿದೆ.

ಹಂತ 3: ಸ್ವಿಚ್ ಒತ್ತಿ ಕಿವಿಗೊಡಿ. ಮೋಟರ್ ಗುಂಯ್‌ಗುಟ್ಟಿ ನಿಂತರೆ ಹಳಿ ಕಟ್ಟಿದೆ. ಸದ್ದಿದ್ದೂ ಗಾಜು ಅಲುಗದಿದ್ದರೆ ಕೇಬಲ್ ಅಥವಾ ಗೇರ್ ಹಲ್ಲು ಸವೆದಿದೆ. ಸದ್ದೇ ಇಲ್ಲದಿದ್ದರೆ ಮೋಟರಿನ ಪ್ಲಗ್ಗಿನಲ್ಲಿ 12 ವೋಲ್ಟ್ ಬರುತ್ತಿದೆಯೇ ಎಂದು ಮಲ್ಟಿಮೀಟರಿನಿಂದ ನೋಡಿ. ಇಲ್ಲಿನ ಗಾಳಿಗೆ ಪ್ಲಗ್ಗಿನ ಪಿನ್ನುಗಳು ಹಸಿರುಗಟ್ಟುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಹಂತ 4: ಬಿಸಿಲಿದ್ದಾಗ ಗಾಜು ಪೂರ್ತಿ ತೆರೆದು ಹಳಿ ಶುಚಿಮಾಡಿ. ಹಳೆಯ ಟೂತ್‌ಬ್ರಷ್‌ನಿಂದ ಧೂಳು ಕೆದಕಿ, ವ್ಯಾಕ್ಯೂಮ್‌ನಿಂದ ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಕರಿಯಾದ ಹಳೇ ಗ್ರೀಸು ಅಂಟಿನಂತಾಗಿರುತ್ತದೆ, ಅದನ್ನು ಪೂರ್ತಿ ತೆಗೆಯಿರಿ. ಆಮೇಲೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಬೇಡವೇ ಬೇಡ. ಧೂಳನ್ನು ಎಳೆದು ಹಿಡಿಯುತ್ತವೆ. ಈ ಹೊತ್ತಿನಲ್ಲಿ ಯಾರೂ ಸ್ವಿಚ್ ಮುಟ್ಟದಂತೆ ಕೀ ನಿಮ್ಮ ಜೇಬಿನಲ್ಲಿರಲಿ.

ಹಂತ 5: ನೀರಿನ ದಾರಿ. ನನ್ನ ಮಟ್ಟಿಗೆ ಮೋಟರಿಗಿಂತ ಇದೇ ದೊಡ್ಡದು. ಸನ್‌ರೂಫಿನ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಬಂದ ನೀರು ಚೌಕಟ್ಟಿನ ಕಾಲುವೆಗಿಳಿದು, ಮೂಲೆಗಳ ತೂತುಗಳಿಂದ ಕೊಳವೆಯಲ್ಲಿ ಹರಿದು ಕಾರಿನ ಕೆಳಗೆ ಬೀಳಬೇಕು. ಕಲ್ಲಿದ್ದಲ ಧೂಳು, ಎಲೆ ಸೇರಿ ತೂತು ಮುಚ್ಚಿದರೆ ನೀರು ಚಾವಣಿಯ ಬಟ್ಟೆಗೆ, ಅಲ್ಲಿಂದ ವೈರಿಂಗಿಗೆ. ಒಂದೊಂದೇ ಮೂಲೆಗೆ ಲೋಟದಿಂದ ಸ್ವಲ್ಪ ನೀರು ಹಾಕಿ, ಚಕ್ರದ ಹತ್ತಿರ ಇಳಿಯುತ್ತದೆಯೇ ನೋಡಿ. ಇಳಿಯದಿದ್ದರೆ ಗಾಳ ಹಾಕುವವರ ದಪ್ಪ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ. ವಾಸ್ಕೋದ ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಒಳಗೆ ಕೊಳವೆಯ ಜೋಡಣೆಯೇ ಕಳಚಬಹುದು.

ಹಂತ 6: ಬ್ಯಾಟರಿ ಬಿಚ್ಚಿದ್ದರೆ, ಕೈಯಿಂದ ಗಾಜು ಸರಿಸಿದ್ದರೆ, ಅನೇಕ ಕಾರುಗಳು ಗಾಜಿನ ಸ್ಥಾನವನ್ನು ಮರೆಯುತ್ತವೆ. ಕೈಪಿಡಿ ಹೇಳಿದಂತೆ ಸ್ವಿಚ್ ಒತ್ತಿಹಿಡಿದು ಮತ್ತೆ ಕಲಿಸಬೇಕು.

ಗಾಜು ಓರೆಯಾಗಿ ಸರಿದರೆ ಒಂದು ಬದಿಯ ಕೇಬಲ್ ತುಂಡಾಗಿರಬಹುದು, ಅಲ್ಲಿಗೆ ನಿಲ್ಲಿಸಿ. ಆ ಕೆಲಸಕ್ಕೆ ಚಾವಣಿಯ ಬಟ್ಟೆ ಇಳಿಸಬೇಕಾಗುತ್ತದೆ. ಕೆಲವು ಕಾರುಗಳಲ್ಲಿ ಅದರ ಅಂಚಿನಲ್ಲೇ ಏರ್‌ಬ್ಯಾಗ್ ಇರುವುದರಿಂದ ಅನುಭವಿ ಮೆಕ್ಯಾನಿಕ್ಕೇ ಬೇಕು. ಬಿಡಿಭಾಗ ಕೇಳುವಾಗ ಚಾಸಿ ನಂಬರ್ ಕೊಡಿ. ಹಳೆಯ ಮಾಡೆಲ್‌ಗೆ ತರಿಸಲು ದಿನ ಹಿಡಿಯುತ್ತದೆ, ಜೂನ್‌ನಲ್ಲಿ ಮಳೆ ಶುರು; ಏಪ್ರಿಲ್‌ನಲ್ಲೇ ಹೇಳಿಡಿ.