ನೆಗಡಿಯೋ, ಸೋರಿಕೆಯೋ?

ರಾಯಚೂರಿನ ಸಹೋದರಿಗೆ,

ಹೈದರಾಬಾದಿನಲ್ಲಿ ಯಜಮಾನರಿಗೆ ಮೂಗಿನ ಮೂಲಕ ಪಿಟ್ಯುಟರಿ ಗಡ್ಡೆ ತೆಗೆದಿದ್ದಾರೆ, ಊರಿಗೆ ಹೊರಡಬಹುದೇ ಎಂದು ಕೇಳಿದ್ದೀರಿ. ವೈದ್ಯರು ಒಪ್ಪಿದರೆ ಹೊರಡಿ; ಚೀಲ ಮಾತ್ರ ಯಜಮಾನರ ಕೈಗೆ ಕೊಡಬೇಡಿ. ಮಿದುಳಿನ ದ್ರವ ಸೋರದಂತೆ ಗಡ್ಡೆ ತೆಗೆದ ಜಾಗದ ರಂಧ್ರವನ್ನು ತೊಡೆಯ ಪೊರೆ, ಹೊಟ್ಟೆಯ ಕೊಬ್ಬು ಅಥವಾ ಮೂಗಿನ ನಡುಗೋಡೆಯ ಪದರದಿಂದ ಮುಚ್ಚುತ್ತಾರೆ. ಆ ತೇಪೆ ಕೂಡಿಕೊಳ್ಳಲು ವಾರಗಳು ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ, ಸಿಂಬಳಕ್ಕೆಂದು ಮೂಗು ಜೋರಾಗಿ ಊದುವಂತಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಲಿ. ಮಲಬದ್ಧತೆಯನ್ನು ನಮ್ಮ ಗಂಡಸರು ವೈದ್ಯರಿಗೂ ಹೇಳುವುದಿಲ್ಲ! ಮಲವಿಸರ್ಜನೆಗೆ ತಿಣುಕಿದರೆ ತಲೆಯೊಳಗಿನ ಒತ್ತಡ ಏರುತ್ತದೆ. ಮಲ ಸಡಿಲಿಸುವ ಔಷಧಿ ಕೇಳಿ ಪಡೆಯಿರಿ.

ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಗಂಟಲಲ್ಲಿ ಉಪ್ಪುರುಚಿ ಎನಿಸಿದರೆ ನೆಗಡಿಯೆಂದು ಕಾಯದೆ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ. ಆ ನೀರಿನಲ್ಲಿ ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆ ಅದು ಮಿದುಳಿನ ದ್ರವವೋ ಅಲ್ಲವೋ ಎಂಬ ಸಂಶಯ ಬಗೆಹರಿಸುತ್ತದೆ. ಜ್ವರ, ತಲೆನೋವು, ಕತ್ತಿನ ಬಿಗಿತ ಇದ್ದರೆ ಮಿದುಳುಪೊರೆಯ ಸೋಂಕಿರಬಹುದು. ತಕ್ಷಣ ಹತ್ತಿರದ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.