ವೈದ್ಯರ ಮೇಜಿಗೆ ಕಂಪ್ಯೂಟರ್ ತಂದ ಹೈಟೆಕ್ ಕಾಯ್ದೆ

ಅಮೆರಿಕದ ವೈದ್ಯರನ್ನು ಕಾಗದದ ಕಡತದಿಂದ ಕಂಪ್ಯೂಟರಿಗೆ ಎಳೆತಂದದ್ದು ಬರೀ ಉಪದೇಶವಲ್ಲ, ಡಾಲರ್. 2009ರ ಫೆಬ್ರುವರಿ 17ರಂದು ಅಧ್ಯಕ್ಷ ಬರಾಕ್ ಒಬಾಮ ಸಹಿ ಹಾಕಿದ ಆರ್ಥಿಕ ಚೇತರಿಕೆ ಕಾಯ್ದೆಯೊಳಗೇ ‘ಹೈಟೆಕ್’ ಕಾಯ್ದೆಯೂ ಇತ್ತು. ವಿದ್ಯುನ್ಮಾನ ಆರೋಗ್ಯ ದಾಖಲೆಯನ್ನು ‘ಅರ್ಥಪೂರ್ಣವಾಗಿ’ ಬಳಸಿದ ವೈದ್ಯರಿಗೆ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್‌ನಿಂದ ಗರಿಷ್ಠ 44,000, ಇಲ್ಲವೇ ಬಡವರ ಸರ್ಕಾರಿ ವಿಮೆ ಮೆಡಿಕೇಯ್ಡ್‌ನಿಂದ 63,750 ಡಾಲರ್ ಪ್ರೋತ್ಸಾಹಧನ ಸಿಗುತ್ತಿತ್ತು. ತಂತ್ರಾಂಶ ಕೊಂಡು ಮೂಲೆಗಿಟ್ಟರೆ ಮೆಡಿಕೇರ್ ಬಿಡಿಗಾಸೂ ಕೊಡುತ್ತಿರಲಿಲ್ಲ. 2015ರಿಂದ ಬಳಸದವರ ಮೆಡಿಕೇರ್ ಪಾವತಿಗೇ ಕತ್ತರಿ ಬಿತ್ತು!

ಸಣ್ಣ ಕ್ಲಿನಿಕ್‌ಗಳಿಗೆ ಹಣದಷ್ಟೇ ಕೈಹಿಡಿದು ಕಲಿಸುವವರೂ ಬೇಕಿತ್ತು. ಅದಕ್ಕೆಂದೇ 62 ಪ್ರಾದೇಶಿಕ ವಿಸ್ತರಣಾ ಕೇಂದ್ರಗಳು ಹುಟ್ಟಿದವು. ಮಾದರಿ ಯಾವುದು ಗೊತ್ತೇ? ರೈತರಿಗೆ ಹೊಸ ಬೇಸಾಯ ಕಲಿಸಿದ ಕೃಷಿ ವಿಸ್ತರಣಾ ಸೇವೆ.